ಶುಶ್ರೂಷಕರ ಸಂಶೋಧನಾ ಕೌಶಲ ಮತ್ತು ತರಬೇತಿ: ಒಂದು ಚಾರಿತ್ರಿಕ ಅವಲೋಕನ

1. ಪ್ರವೇಶ

ಕನ್ನಡದಲ್ಲಿ ವೈದ್ಯಕೀಯ ಚರಿತ್ರೆಯನ್ನು ಕುರಿತು ನಡೆದಿರುವ ಬರವಣಿಗೆಯು ಬಹುಮಟ್ಟಿಗೆ ವೈದ್ಯರು, ಆಸ್ಪತ್ರೆಗಳು ಹಾಗೂ ಸಾಂಕ್ರಾಮಿಕ ರೋಗಗಳ ಸುತ್ತ ಬೆಳೆದುಬಂದಿದೆ. ಆಸ್ಪತ್ರೆಯ ಸ್ಥಾಪನೆ, ಅದಕ್ಕೆ ನೆರವಾದ ದಾನಿಗಳು, ಅಲ್ಲಿ ಹೆಸರು ಮಾಡಿದ ಶಸ್ತ್ರವೈದ್ಯರು, ಪ್ಲೇಗು ಸಿಡುಬುಗಳ ನಿಯಂತ್ರಣ ಮುಂತಾದವು ಅದರ ಮುಖ್ಯ ವಸ್ತುಗಳು. ರೋಗಿಯ ಬಳಿ ಹಗಲಿರುಳು ಇರುವ ಶುಶ್ರೂಷಕರು ಈ ಚರಿತ್ರೆಯಲ್ಲಿ ಸೇವಾಭಾವದ ಸಂಕೇತವಾಗಿ ಕಾಣಿಸಿಕೊಳ್ಳುತ್ತಾರೆ. ಜ್ಞಾನವನ್ನು ಉತ್ಪಾದಿಸುವವರಾಗಿ ಕಾಣಿಸಿಕೊಳ್ಳುವುದು ವಿರಳ.

ಆದರೆ ಆಸ್ಪತ್ರೆಯೊಳಗಿನ ಬರವಣಿಗೆಯನ್ನು ಗಮನಿಸಿದರೆ ಚಿತ್ರ ಬೇರೆಯಾಗಿದೆ. ಒಬ್ಬ ರೋಗಿಯ ಕಡತವನ್ನು ಬಿಡಿಸಿ ನೋಡಿದಾಗ ವೈದ್ಯರ ಟಿಪ್ಪಣಿ ದಿನಕ್ಕೆ ಕೆಲವು ಸಾಲುಗಳಷ್ಟಿರುತ್ತದೆ. ಜ್ವರ, ನಾಡಿ, ಉಸಿರಾಟ, ರಕ್ತದೊತ್ತಡ, ಕುಡಿದ ನೀರು, ಹೋದ ಮೂತ್ರ, ಕೊಟ್ಟ ಔಷಧ, ಕೊಟ್ಟ ವೇಳೆ, ನಿದ್ರೆ, ನೋವು ಇವೆಲ್ಲ ಪಾಳಿಯಿಂದ ಪಾಳಿಗೆ ಶುಶ್ರೂಷಕರ ಕೈಬರಹದಲ್ಲಿ ದಾಖಲಾಗುತ್ತವೆ. ಇಷ್ಟನ್ನು ನೋಡಿ ಬರೆದಿಡುವ ಒಂದು ವೃತ್ತಿವರ್ಗವು ತಾನು ಬರೆದುದರಿಂದ ಪ್ರಶ್ನೆಯೊಂದನ್ನು ಎತ್ತಿ ಉತ್ತರ ಹುಡುಕುವ ಅಧಿಕಾರವನ್ನು ಪಡೆದದ್ದು ಯಾವಾಗ, ಎಷ್ಟರಮಟ್ಟಿಗೆ ಎಂಬುದೇ ಈ ಲೇಖನದ ವಿಚಾರಣೆಯ ವಸ್ತು.

ಶುಶ್ರೂಷಕರಿಗೆ ಸಂಶೋಧನಾ ಕೌಶಲ ಕಡಿಮೆ, ಆದ್ದರಿಂದ ಅವರಿಗೆ ತರಬೇತಿ ಬೇಕು ಎಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತದೆ. ಈ ಮಾತಿನಲ್ಲಿ ಸತ್ಯವಿದ್ದರೂ ಅದು ಅರ್ಧ ಸತ್ಯ. ಚರಿತ್ರೆಯನ್ನು ಅವಲೋಕಿಸಿದಾಗ ಕೊರತೆಯು ವ್ಯಕ್ತಿಯ ತಿಳಿವಳಿಕೆಯಲ್ಲಿ ಎಷ್ಟಿದೆಯೋ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚಾಗಿ ಆಸ್ಪತ್ರೆಯ ಕೆಲಸದ ವ್ಯವಸ್ಥೆಯಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ.

ವೃತ್ತಿಯ ಹೆಸರನ್ನೇ ಮೊದಲು ನೋಡಬಹುದು. ಕನ್ನಡದಲ್ಲಿ ಬಹುಕಾಲ ಬಳಕೆಯಲ್ಲಿದ್ದ 'ದಾದಿ' ಎಂಬ ಪದವು ಮಗುವಿಗೆ ಹಾಲೂಡಿಸಿ ಸಾಕುವ ಹೆಂಗಸನ್ನು ಸೂಚಿಸುತ್ತಿತ್ತು. ನಂತರ ಅದು ಆಸ್ಪತ್ರೆಯ ನರ್ಸಿಗೂ ಅನ್ವಯವಾಯಿತು. ಗ್ರಾಂಥಿಕ ಭಾಷೆ ಹಾಗೂ ಆಡಳಿತ ಭಾಷೆ ಒಪ್ಪಿಕೊಂಡ 'ಶುಶ್ರೂಷೆ' ಎಂಬ ಪದವು ಸಂಸ್ಕೃತದ 'ಶ್ರು' ಧಾತುವಿನಿಂದ ಬಂದದ್ದು. 'ಕೇಳಬೇಕೆಂಬ ಇಚ್ಛೆ' ಎಂಬುದು ಅದರ ಮೂಲಾರ್ಥ. ಹಿರಿಯರ ಮಾತನ್ನು ಕೇಳಿ ನಡೆಯುವುದು ಎಂಬ ಅರ್ಥದಿಂದ ಅದು ಸೇವೆ, ಉಪಚಾರ ಎಂಬ ಅರ್ಥಕ್ಕೆ ಬೆಳೆಯಿತು. ಕೇಳಿ ಪಾಲಿಸುವುದು ಮತ್ತು ಕೇಳಿ ತಿಳಿಯುವುದು ಎಂಬ ಎರಡು ಸಾಧ್ಯತೆಗಳೂ ಈ ಪದದೊಳಗಿವೆ. ಆಧುನಿಕ ಶುಶ್ರೂಷೆಯ ಚರಿತ್ರೆಯಲ್ಲಿ ಮೊದಲನೆಯದು ಸುಲಭವಾಗಿ ನೆಲೆಯೂರಿತು. ಎರಡನೆಯದಕ್ಕಾಗಿ ಶತಮಾನಕ್ಕೂ ಮೀರಿ ಕಾಯಬೇಕಾಯಿತು.

2. ಎಣಿಕೆಯ ಪರಂಪರೆ ಮತ್ತು ಭಾರತ

ಆಧುನಿಕ ಶುಶ್ರೂಷೆಯ ಪ್ರವರ್ತಕಿ ಎನಿಸಿದ ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ದೀಪಧಾರಿಣಿಯಾಗಿ ನೆನೆಯುವುದು ನಮ್ಮಲ್ಲಿ ರೂಢಿ. 1854ರಿಂದ 1856ರವರೆಗೆ ಕ್ರೈಮಿಯಾ ಯುದ್ಧದ ಸಂದರ್ಭದಲ್ಲಿ ಸ್ಕುಟಾರಿಯ ಸೈನಿಕ ಆಸ್ಪತ್ರೆಯಲ್ಲಿ ಅವರು ಮಾಡಿದ ಕೆಲಸ ಎಲ್ಲರಿಗೂ ತಿಳಿದದ್ದು. ಆದರೆ ಆ ಯುದ್ಧದಿಂದ ಮರಳಿದ ಮೇಲೆ ಅವರು ಕೈಗೊಂಡದ್ದು ಅಂಕಿಅಂಶಗಳ ಕೆಲಸ. ಗಾಯಗಳಿಗಿಂತ ತಡೆಗಟ್ಟಬಹುದಾದ ರೋಗಗಳಿಂದಲೇ ಹೆಚ್ಚು ಸೈನಿಕರು ಸತ್ತರು ಎಂಬುದನ್ನು ಅವರು ವೃತ್ತಾಕಾರದ ರೇಖಾಚಿತ್ರಗಳ ಮೂಲಕ ಆಳುವವರ ಮುಂದಿಟ್ಟರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಅವರನ್ನು ಆರಿಸಿತು. ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ಅಂಕಿಅಂಶಗಳನ್ನು ಇಡಬೇಕೆಂಬ ಯೋಜನೆಯನ್ನು 1860ರ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನದಲ್ಲಿ ಅವರ ಪರವಾಗಿ ಮಂಡಿಸಲಾಯಿತು.

ಭಾರತದ ಸಂಬಂಧವೂ ಇಲ್ಲಿಂದಲೇ ತೊಡಗುತ್ತದೆ. ಭಾರತದಲ್ಲಿನ ಸೈನ್ಯದ ಆರೋಗ್ಯಸ್ಥಿತಿಯನ್ನು ಕುರಿತು 1859ರಲ್ಲಿ ನೇಮಕವಾದ ರಾಜ ಆಯೋಗಕ್ಕಾಗಿ ನೈಟಿಂಗೇಲ್ ಪ್ರಶ್ನಾವಳಿಯನ್ನು ಸಿದ್ಧಪಡಿಸಿದರು. ಅದು ದೇಶದ ಸೈನಿಕ ಠಾಣ್ಯಗಳಿಗೆ ಹೋಯಿತು. ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ, ಬ್ಯಾರಕ್ಕುಗಳಲ್ಲಿ ಎಷ್ಟು ಜನ ಮಲಗುತ್ತಾರೆ ಎಂಬಂಥ ವಿಷಯಗಳ ಮೇಲೆ ಬಂದ ಉತ್ತರಗಳನ್ನು ಅವರು ವಿಲಿಯಂ ಫಾರ್ ಅವರ ನೆರವಿನೊಂದಿಗೆ ವಿಶ್ಲೇಷಿಸಿದರು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರ ಮರಣ ಪ್ರಮಾಣ ವರ್ಷಕ್ಕೆ ಸಾವಿರಕ್ಕೆ 69ರಷ್ಟಿತ್ತೆಂದು 1863ರಲ್ಲಿ ಹೊರಬಂದ ವರದಿ ತೋರಿಸಿತು. ನೈಟಿಂಗೇಲ್ ಭಾರತಕ್ಕೆ ಎಂದೂ ಬರಲಿಲ್ಲ. ಪ್ರಶ್ನಾವಳಿ, ಉತ್ತರ, ವರ್ಗೀಕರಣ, ಕೋಷ್ಟಕ, ತೀರ್ಮಾನ ಎಂಬ ಕ್ರಮವನ್ನು ಆಧರಿಸಿ ದೂರದಿಂದಲೇ ನಡೆದ ಈ ಕೆಲಸವು ಇಂದು ನಾವು ಸಮೀಕ್ಷಾ ಸಂಶೋಧನೆ ಎಂದು ಕರೆಯುವ ವಿಧಾನವೇ ಆಗಿದೆ. 1865ರಲ್ಲಿ ಅವರು ಭಾರತದ ಆಸ್ಪತ್ರೆಗಳಿಗಾಗಿ ಶುಶ್ರೂಷಾ ವ್ಯವಸ್ಥೆಯೊಂದರ ಸಲಹೆಗಳನ್ನೂ ಬರೆದುಕೊಟ್ಟರು.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನಲ್ಲಿ ಆರಂಭವಾದ ಶಾಲೆಯ ಮಾದರಿಯು ಮುಂದೆ ಲೋಕದ ಅನೇಕ ಭಾಗಗಳಿಗೆ ಹರಡಿತು. ಹೀಗೆ ಹರಡಿದ್ದು ಶಿಸ್ತು, ಶುಚಿತ್ವ, ಸಮವಸ್ತ್ರ, ಮೇಲ್ವಿಚಾರಕಿಯ ಅಧೀನದ ವಸತಿ ಹಾಗೂ ವಾರ್ಡಿನ ಕ್ರಮ. ಪ್ರವರ್ತಕಿಯ ಸಂಖ್ಯಾಶಾಸ್ತ್ರದ ಅಭಿರುಚಿ ಮಾತ್ರ ಪಠ್ಯಕ್ರಮದೊಳಗೆ ಬರಲಿಲ್ಲ. ದಾಖಲೆ ಇಡುವುದನ್ನು ಶಾಲೆ ಕಲಿಸಿತು. ದಾಖಲೆಗಳನ್ನು ಒಟ್ಟುಗೂಡಿಸಿ ಓದುವುದನ್ನು ಕಲಿಸಲಿಲ್ಲ. ನಮ್ಮ ಇಂದಿನ ಸಮಸ್ಯೆಯ ಬೇರು ಈ ಆಯ್ಕೆಯಲ್ಲಿದೆ.

3. ಭಾರತದಲ್ಲಿ ಶುಶ್ರೂಷಾ ಶಿಕ್ಷಣದ ಬೆಳವಣಿಗೆ

ಭಾರತದಲ್ಲಿ ಸಾಂಸ್ಥಿಕ ಶುಶ್ರೂಷಾ ತರಬೇತಿಯ ಆರಂಭವನ್ನು 1871ರಲ್ಲಿ ಮದರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ತೊಡಗಿದ ತರಗತಿಯಿಂದ ಗುರುತಿಸುವುದು ವಾಡಿಕೆ. 1885ರಲ್ಲಿ ಸ್ಥಾಪಿತವಾದ ಡಫರಿನ್ ನಿಧಿಯು ಮಹಿಳೆಯರಿಗೆ ವೈದ್ಯಕೀಯ ನೆರವು ನೀಡುವ ಉದ್ದೇಶದೊಂದಿಗೆ ಸ್ತ್ರೀಯರ ತರಬೇತಿಗೂ ಒತ್ತು ಕೊಟ್ಟಿತು. ಮಿಷನ್ ಆಸ್ಪತ್ರೆಗಳು ಈ ಕ್ಷೇತ್ರದಲ್ಲಿ ದೊಡ್ಡ ಪಾತ್ರ ವಹಿಸಿದವು. ಐಡಾ ಸ್ಕಡ್ಡರ್ ಅವರು ಕಟ್ಟಿದ ವೆಲ್ಲೂರಿನ ಆಸ್ಪತ್ರೆಯಲ್ಲಿ 1909ರಲ್ಲಿ ಶುಶ್ರೂಷಾ ಶಾಲೆ ಆರಂಭವಾಯಿತು. 1908ರಲ್ಲಿ ರೂಪುಗೊಂಡ ಭಾರತೀಯ ತರಬೇತಿ ಪಡೆದ ದಾದಿಯರ ಸಂಘವು 1910ರಿಂದ ತನ್ನದೇ ನಿಯತಕಾಲಿಕವನ್ನು ಪ್ರಕಟಿಸತೊಡಗಿತು. ಹಳೆಯ ಮೈಸೂರು ಸೀಮೆಯಲ್ಲಿಯೂ 1886ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಸೇಂಟ್ ಮಾರ್ತಾಸ್ ಆಸ್ಪತ್ರೆ, 1900ರಲ್ಲಿ ಉದ್ಘಾಟನೆಯಾದ ವಿಕ್ಟೋರಿಯಾ ಆಸ್ಪತ್ರೆ, 1935ರ ವಾಣಿವಿಲಾಸ ಆಸ್ಪತ್ರೆ ಮೊದಲಾದವುಗಳ ಬೆಳವಣಿಗೆಯೊಡನೆ ತರಬೇತಿ ಪಡೆದ ನರ್ಸುಗಳ ಬೇಡಿಕೆ ಹೆಚ್ಚಿತು.

ಆ ಕಾಲದ ದೊಡ್ಡ ಚಿಂತೆ ಸಂಖ್ಯೆಯ ಕೊರತೆಯಾಗಿತ್ತು. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಸಲ್ಲಿಸಿದ ಆರೋಗ್ಯ ಸಮೀಕ್ಷೆ ಮತ್ತು ಅಭಿವೃದ್ಧಿ ಸಮಿತಿಯು ಬ್ರಿಟಿಷ್ ಇಂಡಿಯಾದಲ್ಲಿ ಸುಮಾರು 6,300 ಜನರಿಗೆ ಒಬ್ಬ ವೈದ್ಯರೂ 43,000 ಜನರಿಗೆ ಒಬ್ಬ ನರ್ಸೂ ಇರುವುದಾಗಿ ಲೆಕ್ಕ ಹಾಕಿತು. ವೈದ್ಯರಿಗಿಂತ ನರ್ಸುಗಳ ಸಂಖ್ಯೆ ಇಷ್ಟು ಕಡಿಮೆಯಾಗಿದ್ದ ಪರಿಸ್ಥಿತಿಯಲ್ಲಿ ಸಂಶೋಧನೆಯ ಮಾತು ಹಿಂದೆ ಸರಿದದ್ದು ಸಹಜ. ಕೈಗಳು ಬೇಕಾಗಿದ್ದವು; ಆ ಕೈಗಳನ್ನು ಬೇಗನೆ ಸಿದ್ಧಪಡಿಸುವುದು ತರಬೇತಿಯ ಗುರಿಯಾಯಿತು.

ಅದೇ 1946ರಲ್ಲಿ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಪದವಿ ಮಟ್ಟದ ಶುಶ್ರೂಷಾ ಶಿಕ್ಷಣ ಆರಂಭವಾದದ್ದು ಮಹತ್ವದ ತಿರುವು. ದೆಹಲಿಯ ಆ ಕಾಲೇಜು ಮುಂದೆ ರಾಜಕುಮಾರಿ ಅಮೃತ್ ಕೌರ್ ಅವರ ಹೆಸರನ್ನು ಪಡೆಯಿತು. 1947ರ ಕಾಯ್ದೆಯ ಮೂಲಕ ಭಾರತೀಯ ಶುಶ್ರೂಷಾ ಪರಿಷತ್ತು ಅಸ್ತಿತ್ವಕ್ಕೆ ಬಂದು ಶಿಕ್ಷಣದ ಮಟ್ಟಗಳನ್ನು ದೇಶದಾದ್ಯಂತ ಏಕರೂಪಗೊಳಿಸುವ ಹೊಣೆ ಹೊತ್ತಿತು. ವಿಸ್ತೃತ ಮೈಸೂರು ರಾಜ್ಯದಲ್ಲಿ ನರ್ಸುಗಳು, ಸೂಲಗಿತ್ತಿಯರು ಹಾಗೂ ಆರೋಗ್ಯ ಸಂದರ್ಶಕಿಯರ ನೋಂದಣಿಗಾಗಿ 1961ರ ಕಾಯ್ದೆ ರೂಪುಗೊಂಡಿತು. 1959ರಲ್ಲಿ ದೆಹಲಿಯ ಕಾಲೇಜಿನಲ್ಲಿ ಸ್ನಾತಕೋತ್ತರ ಪದವಿ ಆರಂಭವಾದಾಗ ಸಂಶೋಧನೆಯು ಭಾರತೀಯ ಶುಶ್ರೂಷೆಯ ಪಠ್ಯಕ್ರಮದಲ್ಲಿ ಖಚಿತ ಸ್ಥಾನ ಪಡೆಯಿತು. ಆದರೆ ಇದು ಕಾಲೇಜಿನ ಮೂಲಕ ಬಂದ ಸ್ಥಾನ. ವಾರ್ಡಿನಲ್ಲಿ ದುಡಿಯುವ ಬಹುಸಂಖ್ಯಾತರು ಆಸ್ಪತ್ರೆಯ ಶಾಲೆಗಳಲ್ಲಿ ಡಿಪ್ಲೊಮಾ ಮುಗಿಸಿದವರಾಗಿದ್ದರು. ಸಂಶೋಧನೆ ಬಲ್ಲವರು ಬೋಧನೆಗೆ ಹೋದರು. ರೋಗಿಯ ಬಳಿ ಉಳಿದವರಿಗೆ ಸಂಶೋಧನೆ ದೂರವೇ ಉಳಿಯಿತು. ಈ ಕವಲು ಮುಂದೆಯೂ ಮುಚ್ಚಲಿಲ್ಲ.

4. ವಾರ್ಡಿನಲ್ಲಿ ಹುಟ್ಟಿದ ಪ್ರಶ್ನೆಗಳು

ಇದೇ ಅವಧಿಯಲ್ಲಿ ಹೊರದೇಶಗಳಲ್ಲಿ ಶುಶ್ರೂಷೆಯ ಒಳಗಿನಿಂದಲೇ ಪ್ರಶ್ನೆಗಳು ಹುಟ್ಟತೊಡಗಿದ್ದವು. 1952ರಲ್ಲಿ ಅಮೆರಿಕೆಯಲ್ಲಿ ಶುಶ್ರೂಷಾ ಸಂಶೋಧನೆಗೇ ಮೀಸಲಾದ ಪತ್ರಿಕೆ ಆರಂಭವಾಯಿತು. ಇಂಗ್ಲೆಂಡಿನಲ್ಲಿ ಡೊರೀನ್ ನಾರ್ಟನ್ ಎಂಬ ನರ್ಸ್ ಇಬ್ಬರು ಸಹೋದ್ಯೋಗಿಗಳೊಡನೆ ವೃದ್ಧ ರೋಗಿಗಳ ಶುಶ್ರೂಷೆಯನ್ನು ಅಧ್ಯಯನ ಮಾಡಿ 1962ರಲ್ಲಿ ಪ್ರಕಟಿಸಿದ ವರದಿ ಈ ದೃಷ್ಟಿಯಿಂದ ಸ್ಮರಣೀಯ. ಬಹಳ ದಿನ ಮಲಗಿದಲ್ಲೇ ಇರುವ ರೋಗಿಗೆ ಬರುವ ಹಾಸಿಗೆ ಹುಣ್ಣು ಅವರ ಅಧ್ಯಯನದ ಒಂದು ಮುಖ್ಯ ವಸ್ತು. ರೋಗಿಯ ದೈಹಿಕ ಸ್ಥಿತಿ, ಮಾನಸಿಕ ಸ್ಥಿತಿ, ನಡೆದಾಟ, ಅಂಗಾಂಗಗಳ ಚಲನೆ, ಮಲಮೂತ್ರಗಳ ಮೇಲಿನ ಹಿಡಿತ ಎಂಬ ಐದು ಅಂಶಗಳಿಗೆ ಒಂದರಿಂದ ನಾಲ್ಕರವರೆಗೆ ಅಂಕ ನೀಡಿ, ಯಾರಿಗೆ ಹುಣ್ಣಾಗುವ ಅಪಾಯ ಹೆಚ್ಚು ಎಂಬುದನ್ನು ಮುಂಚಿತವಾಗಿ ಗುರುತಿಸುವ ಅಳತೆಗೋಲನ್ನು ಅವರು ರೂಪಿಸಿದರು. 20 ಅಂಕಗಳಿಗೆ 14 ಅಥವಾ ಅದಕ್ಕಿಂತ ಕಡಿಮೆ ಬಂದವರ ಮೇಲೆ ವಿಶೇಷ ನಿಗಾ ಬೇಕೆಂಬುದು ಅದರ ಸೂಚನೆ.

ಇಲ್ಲಿ ಬಳಕೆಯಾದ ಉಪಕರಣ ಕಾಗದ ಮತ್ತು ಪೆನ್ಸಿಲು. ರೋಗಿಯ ಮಗ್ಗುಲು ಬದಲಿಸುವುದು, ಬೆನ್ನಿಗೆ ಸ್ಪಿರಿಟ್ ಪೌಡರುಗಳನ್ನು ಹಚ್ಚಿ ತಿಕ್ಕುವುದು ಮುಂತಾಗಿ ರೂಢಿಯಿಂದ ನಡೆದುಬಂದ ಕೆಲಸಗಳಲ್ಲಿ ಯಾವುದು ನಿಜವಾಗಿ ಉಪಯುಕ್ತ ಎಂಬ ಪ್ರಶ್ನೆಯನ್ನು ಕೇಳಬಲ್ಲವರು ಆ ಕೆಲಸವನ್ನು ಪ್ರತಿದಿನ ಮಾಡುವವರೇ. ಶುಶ್ರೂಷೆಗೆ ಸ್ವಂತ ಸಂಶೋಧನಾ ಕ್ಷೇತ್ರವಿದೆ, ಅದು ವೈದ್ಯಕೀಯ ಸಂಶೋಧನೆಯ ಉಪಾಂಗವಲ್ಲ ಎಂಬುದಕ್ಕೆ ಹಾಸಿಗೆ ಹುಣ್ಣಿನ ಅಧ್ಯಯನ ಸರಳವಾದ ನಿದರ್ಶನ. ಹತ್ತು ವರ್ಷಗಳ ತರುವಾಯ, 1972ರಲ್ಲಿ, ಇತಿಹಾಸಕಾರ ಏಸಾ ಬ್ರಿಗ್ಸ್ ಅವರ ಅಧ್ಯಕ್ಷತೆಯ ಬ್ರಿಟಿಷ್ ಸಮಿತಿಯು ಶುಶ್ರೂಷೆ ಸಂಶೋಧನೆಯನ್ನು ಆಧರಿಸಿದ ವೃತ್ತಿಯಾಗಬೇಕೆಂದು ಶಿಫಾರಸು ಮಾಡಿತು.

5. ಬೆಂಗಳೂರಿನ ಒಂದು ಪ್ರಯೋಗ

ಭಾರತದಲ್ಲಿ ಇಂಥ ಪ್ರಶ್ನೆ ಗಟ್ಟಿಯಾಗಿ ಎದ್ದ ಸ್ಥಳಗಳಲ್ಲಿ ಬೆಂಗಳೂರು ಒಂದು. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ನೆರೆಯಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಮನೋವೈದ್ಯಕೀಯ ಶುಶ್ರೂಷೆಯಲ್ಲಿ ವಿಶೇಷ ಡಿಪ್ಲೊಮಾ ಶಿಕ್ಷಣ 1950ರ ದಶಕದ ಮಧ್ಯಭಾಗದಲ್ಲಿಯೇ ಇಲ್ಲಿ ತೊಡಗಿದ್ದು ದೇಶದ ಶುಶ್ರೂಷಾ ಚರಿತ್ರೆಯಲ್ಲಿ ಗಮನಾರ್ಹ ಸಂಗತಿ. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆಗಳೆರಡೂ ಸೇರಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, ರೂಪುಗೊಂಡಿತು.

ಈ ಸಂಸ್ಥೆಯಲ್ಲಿ ಶೈಲಾ ಪೈ ಹಾಗೂ ಆರ್. ಎಲ್. ಕಪೂರ್ ನಡೆಸಿದ ಅಧ್ಯಯನವೊಂದು 1980ರ ದಶಕದ ಆರಂಭದಲ್ಲಿ ಪ್ರಕಟವಾಯಿತು. ಮೊದಲ ಬಾರಿಗೆ ಚಿಕಿತ್ಸೆಗೆ ಬಂದ ಸ್ಕಿಜೊಫ್ರೇನಿಯಾ ರೋಗಿಗಳ ಎರಡು ಗುಂಪುಗಳನ್ನು, ತಲಾ 27 ಜನರಂತೆ, ಹೋಲಿಸಿ ನೋಡುವುದು ಅದರ ಕ್ರಮ. ಒಂದು ಗುಂಪಿನವರು ಆಸ್ಪತ್ರೆಯಲ್ಲಿ ದಾಖಲಾಗಿ ಚಿಕಿತ್ಸೆ ಪಡೆದರು. ಇನ್ನೊಂದು ಗುಂಪಿನವರು ಮನೆಯಲ್ಲಿಯೇ ಉಳಿದರು. ತರಬೇತಿ ಪಡೆದ ನರ್ಸ್ ನಿಯತವಾಗಿ ಅವರ ಮನೆಗೆ ಹೋಗಿ ರೋಗಿಯ ಸ್ಥಿತಿಯನ್ನು ಪರೀಕ್ಷಿಸಿ, ಔಷಧದ ಬಗ್ಗೆ ವಿಚಾರಿಸಿ, ಮನೆಯವರಿಗೆ ತಿಳಿವಳಿಕೆ ಹೇಳಿದರು. ಮನೆಯಲ್ಲಿ ಆರೈಕೆ ಪಡೆದವರ ಸ್ಥಿತಿ ಹೆಚ್ಚು ಸುಧಾರಿಸಿತೆಂದೂ ಕುಟುಂಬದ ಮೇಲಿನ ಹೊರೆ ಇಳಿಯಿತೆಂದೂ ವೆಚ್ಚ ಕಡಿಮೆಯಾಯಿತೆಂದೂ ಅಧ್ಯಯನ ಕಂಡುಕೊಂಡಿತು.

ಈ ಅಧ್ಯಯನವನ್ನು ಮನೋವೈದ್ಯಕೀಯದ ಚರಿತ್ರೆಯಲ್ಲಿ ಸಮುದಾಯ ಚಿಕಿತ್ಸೆಯ ಆರಂಭಿಕ ಪ್ರಯೋಗವಾಗಿ ಉಲ್ಲೇಖಿಸುವುದುಂಟು. ಶುಶ್ರೂಷೆಯ ಚರಿತ್ರೆಯ ಕಡೆಯಿಂದ ನೋಡಿದರೆ ಅದರ ಮಹತ್ವ ಬೇರೊಂದು ಬಗೆಯದು. ಇಲ್ಲಿ ನರ್ಸಿನ ಭೇಟಿಯೇ ಚಿಕಿತ್ಸೆ. ನರ್ಸಿನ ಅವಲೋಕನವೇ ದತ್ತಾಂಶದ ಒಂದು ಆಧಾರ. ಹಾಗಿರುವಾಗ ಆ ನರ್ಸಿಗೆ ಯಾವ ಬಗೆಯ ತರಬೇತಿ ಬೇಕು? ಈ ಪ್ರಶ್ನೆಯನ್ನೇ ವಸ್ತುವಾಗಿಟ್ಟುಕೊಂಡು ಶೈಲಾ ಪೈ ಹಾಗೂ ನಾಗರಾಜಯ್ಯ ಅವರು 1982ರಲ್ಲಿ ಅಂತಾರಾಷ್ಟ್ರೀಯ ಶುಶ್ರೂಷಾ ಅಧ್ಯಯನ ಪತ್ರಿಕೆಯೊಂದರಲ್ಲಿ ಲೇಖನ ಪ್ರಕಟಿಸಿದರು. ನಾಗರಾಜಯ್ಯ ಅವರು ಮುಂದೆ ನಿಮ್ಹಾನ್ಸ್‌ನ ಶುಶ್ರೂಷಾ ವಿಭಾಗದಲ್ಲಿ ಪ್ರಾಧ್ಯಾಪಕರಾದರು. 1985ರಲ್ಲಿ ಬ್ರಿಟನ್ನಿನ ಪ್ರಮುಖ ಮನೋವೈದ್ಯಕೀಯ ಪತ್ರಿಕೆಯಲ್ಲಿ ಬೆಂಗಳೂರಿನ ಗೃಹ ಆರೈಕೆಯನ್ನು ಕುರಿತು ಬಂದ ಮತ್ತೊಂದು ಲೇಖನದಲ್ಲಿಯೂ ಎಸ್. ಎಂ. ಚನ್ನಬಸವಣ್ಣ ಮೊದಲಾದವರ ಜೊತೆಗೆ ಅವರ ಹೆಸರಿದೆ.

ಲೇಖಕರ ಪಟ್ಟಿಯಲ್ಲಿ ಹೆಸರು ಬರುವುದು ಚಿಕ್ಕ ಸಂಗತಿಯಂತೆ ಕಾಣಬಹುದು. ಆದರೆ ವೈದ್ಯಕೀಯ ಸಂಶೋಧನೆಯಲ್ಲಿ ದತ್ತಾಂಶ ಸಂಗ್ರಹಿಸುವ ನರ್ಸಿಗೆ ಲೇಖನದ ಕೊನೆಯ ಕೃತಜ್ಞತೆಯ ಸಾಲಷ್ಟೇ ಸಲ್ಲುತ್ತಿದ್ದುದು ಸಾಮಾನ್ಯ. ಬೆಂಗಳೂರಿನ ಉದಾಹರಣೆಯು ಮೂರು ಸಂಗತಿಗಳನ್ನು ತಿಳಿಸುತ್ತದೆ. ಸಂಶೋಧನಾ ಕೌಶಲವನ್ನು ನಿಜವಾದ ಅಧ್ಯಯನವೊಂದರಲ್ಲಿ ತೊಡಗಿ ಕಲಿಯಬಹುದು. ಅದಕ್ಕೆ ಬೇರೆ ಶಾಸ್ತ್ರಗಳವರ ಸಹಭಾಗಿತ್ವ ಬೇಕು. ಮತ್ತು ತರಬೇತಿಯ ಅಗತ್ಯ ಯಾವುದು ಎಂಬ ಪ್ರಶ್ನೆಯನ್ನೂ ಸಂಶೋಧನೆಯ ವಸ್ತುವಾಗಿ ಪರಿಗಣಿಸಬಹುದು.

6. ಪದವಿಗಾಗಿ ಸಂಶೋಧನೆ

1986ರಲ್ಲಿ ಭಾರತದ ಶುಶ್ರೂಷಾ ಸಂಶೋಧನಾ ಸಂಘ ಸ್ಥಾಪನೆಯಾಯಿತು. ಅದೇ ದಶಕದ ಕೊನೆಯಲ್ಲಿ ಸರೋಜಿನಿ ವರದಪ್ಪನ್ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿಯು ಶುಶ್ರೂಷಾ ವೃತ್ತಿಯ ಶಿಕ್ಷಣ ಮತ್ತು ಸೇವಾಸ್ಥಿತಿಗಳನ್ನು ಪರಿಶೀಲಿಸಿತು. ಕರ್ನಾಟಕದಲ್ಲಿ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ಬಳಿಕ ಶುಶ್ರೂಷಾ ಕಾಲೇಜುಗಳು ಅದರ ಆಶ್ರಯಕ್ಕೆ ಬಂದವು. ಸ್ನಾತಕೋತ್ತರ ಶಿಕ್ಷಣವೂ ವಿಸ್ತರಿಸಿತು. 2003ರಲ್ಲಿ ಈ ವಿಶ್ವವಿದ್ಯಾಲಯವು 'ಹೆಲಿನೆಟ್' ಎಂಬ ಗ್ರಂಥಾಲಯ ಒಕ್ಕೂಟದ ಮೂಲಕ ತನ್ನ ಕಾಲೇಜುಗಳಿಗೆ ವಿದ್ಯುನ್ಮಾನ ನಿಯತಕಾಲಿಕಗಳನ್ನು ಒದಗಿಸತೊಡಗಿತು. ಇದರ ಸಹಯೋಗದಲ್ಲಿಯೇ ಭಾರತೀಯ ಶುಶ್ರೂಷಾ ಪರಿಷತ್ತು ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲದೊಂದಿಗೆ ಶುಶ್ರೂಷೆಯಲ್ಲಿ ಪಿಎಚ್.ಡಿ. ಪದವಿಗಾಗಿ ರಾಷ್ಟ್ರೀಯ ಒಕ್ಕೂಟವೊಂದನ್ನು ರಚಿಸಿತು. ಅದರ ಕಾರ್ಯ 2006ರ ವೇಳೆಗೆ ಆರಂಭವಾಯಿತು. ದೇಶದ ಶುಶ್ರೂಷಾ ಸಂಶೋಧನೆಯ ಸಂಘಟನೆಯಲ್ಲಿ ಕರ್ನಾಟಕಕ್ಕೆ ದೊರೆತ ಈ ಸ್ಥಾನವನ್ನು ನಮ್ಮ ವಿದ್ವತ್ ವಲಯ ಅಷ್ಟಾಗಿ ಗಮನಿಸಿಲ್ಲ.

ಹೀಗೆ ಬೆಳೆದ ಸಂಶೋಧನೆಯ ಸ್ವರೂಪವನ್ನು ವಿಮರ್ಶಾತ್ಮಕವಾಗಿ ನೋಡುವುದು ಅಗತ್ಯ. ಶುಶ್ರೂಷೆಯ ಸ್ನಾತಕೋತ್ತರ ಪ್ರಬಂಧಗಳ ಶೀರ್ಷಿಕೆಗಳನ್ನು ಸಾಲಾಗಿ ಓದಿದರೆ ಒಂದು ಮಾದರಿ ಮತ್ತೆ ಮತ್ತೆ ಕಾಣುತ್ತದೆ: ಆಯ್ದ ಆಸ್ಪತ್ರೆಯ ಅಥವಾ ಶಾಲೆಯ ಇಂತಿಂಥವರಲ್ಲಿ, ಇಂಥ ವಿಷಯದ ತಿಳಿವಳಿಕೆಯ ಮೇಲೆ, ಯೋಜಿತ ಬೋಧನಾ ಕಾರ್ಯಕ್ರಮದ ಪರಿಣಾಮ. ಪಾಠಕ್ಕೆ ಮೊದಲು ಒಂದು ಪ್ರಶ್ನಾವಳಿ, ಪಾಠ, ಕೆಲವು ದಿನಗಳ ನಂತರ ಅದೇ ಪ್ರಶ್ನಾವಳಿ, ಅಂಕಗಳ ಹೋಲಿಕೆ. ಪಾಠ ಕೇಳಿದವರಿಗೆ ಹೆಚ್ಚು ಅಂಕ ಬರುವುದು ನಿರೀಕ್ಷಿತವೇ. ನಿಗದಿತ ಅವಧಿ, ಸೀಮಿತ ಹಣ, ಅನುಮತಿ ಪಡೆಯುವ ತೊಡಕು ಇವುಗಳ ನಡುವೆ ವಿದ್ಯಾರ್ಥಿ ಈ ಸುರಕ್ಷಿತ ದಾರಿಯನ್ನು ಹಿಡಿಯುವುದರಲ್ಲಿ ಆಶ್ಚರ್ಯವಿಲ್ಲ. ವಿಧಾನದ ಪ್ರಾಥಮಿಕ ಪಾಠಗಳನ್ನು ಅದು ಕಲಿಸುವುದೂ ನಿಜ. ಆದರೆ ಕೈತೊಳೆಯುವ ಬಗ್ಗೆ ತಿಳಿದವರು ನಿಜವಾಗಿ ಕೈ ತೊಳೆದರೇ, ವಾರ್ಡಿನಲ್ಲಿ ಸೋಂಕು ಇಳಿಯಿತೇ, ರೋಗಿಯ ನೋವು ಕಡಿಮೆಯಾಯಿತೇ ಎಂಬ ಪ್ರಶ್ನೆಗಳವರೆಗೆ ಅದು ತಲುಪುವುದಿಲ್ಲ. ಪ್ರಬಂಧದ ಪ್ರತಿ ಗ್ರಂಥಾಲಯ ಸೇರುತ್ತದೆ. ಅಧ್ಯಯನ ನಡೆದ ವಾರ್ಡಿಗೆ ಅದರ ಫಲಿತಾಂಶ ಮರಳುವುದು ಅಪರೂಪ.

ಈ ಪ್ರಬಂಧಗಳ ಒಂದು ಭಾಗ ಮಾತ್ರ ಕನ್ನಡ ಸಂಶೋಧಕರ ಗಮನಕ್ಕೆ ವಿಶೇಷವಾಗಿ ಅರ್ಹವಾಗಿದೆ. ಪ್ರಬಂಧ ಇಂಗ್ಲಿಷಿನಲ್ಲಿದ್ದರೂ ರೋಗಿಗಳಿಗೆ, ತಾಯಂದಿರಿಗೆ ಕೇಳಿದ ಪ್ರಶ್ನಾವಳಿಯ ಕನ್ನಡ ರೂಪವನ್ನು ಅನುಬಂಧದಲ್ಲಿ ಕೊಡುವ ಪದ್ಧತಿ ಇದೆ. ಮಧುಮೇಹ, ಸ್ತನ್ಯಪಾನ, ಕ್ಷಯ, ಗರ್ಭಿಣಿಯ ಆಹಾರ ಮುಂತಾದ ವಿಷಯಗಳ ಮೇಲೆ ಸಾಮಾನ್ಯ ಜನರಿಗೆ ಅರ್ಥವಾಗುವಂತೆ ಕನ್ನಡದಲ್ಲಿ ಪ್ರಶ್ನೆ ರೂಪಿಸಿದ ಇಂಥ ಪುಟಗಳು ಒಂದೆಡೆ ಸಂಗ್ರಹವಾದರೆ ಅವು ಆರೋಗ್ಯ ಕ್ಷೇತ್ರದ ಕನ್ನಡಕ್ಕೆ ಮುಖ್ಯ ಆಕರವಾಗಬಲ್ಲವು.

7. ತರಬೇತಿಯ ಅಗತ್ಯವನ್ನು ಅಳೆಯುವುದು

ತರಬೇತಿಯ ಅಗತ್ಯವನ್ನು ನಿರ್ಧರಿಸುವವರು ಯಾರು ಎಂಬುದು ಮುಂದಿನ ಪ್ರಶ್ನೆ. ಮೇಲಧಿಕಾರಿಗಳು ವಿಷಯವನ್ನು ಗೊತ್ತುಮಾಡಿ ಒಂದೆರಡು ದಿನಗಳ ಶಿಬಿರ ನಡೆಸುವುದು ನಮ್ಮಲ್ಲಿ ಪ್ರಚಲಿತ ಕ್ರಮ. ಇದಕ್ಕೆ ಪರ್ಯಾಯವಾಗಿ ಬ್ರಿಟನ್ನಿನ ಕ್ಯಾರೊಲಿನ್ ಹಿಕ್ಸ್ ಹಾಗೂ ಡೆಬೊರಾ ಹೆನೆಸಿ ಅವರು ಸಹೋದ್ಯೋಗಿಗಳೊಡನೆ 1990ರ ದಶಕದಲ್ಲಿ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಅದು ನಂತರ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕವೂ ಲಭ್ಯವಾಯಿತು. ಅದರಲ್ಲಿ 30 ಕೆಲಸಗಳ ಪಟ್ಟಿಯಿದೆ. ಸಂಶೋಧನೆ ಮತ್ತು ಲೆಕ್ಕಪರಿಶೋಧನೆ, ಸಂವಹನ ಮತ್ತು ತಂಡದ ಕೆಲಸ, ಚಿಕಿತ್ಸಾ ಕಾರ್ಯಗಳು, ಆಡಳಿತ, ಮೇಲ್ವಿಚಾರಣೆ ಎಂಬ ಐದು ವರ್ಗಗಳಲ್ಲಿ ಅವು ಹಂಚಿಹೋಗಿವೆ. ಪ್ರತಿ ಕೆಲಸವೂ ತನ್ನ ಹುದ್ದೆಗೆ ಎಷ್ಟು ಮುಖ್ಯ, ಅದನ್ನು ತಾನು ಎಷ್ಟು ಚೆನ್ನಾಗಿ ಮಾಡುತ್ತಿದ್ದೇನೆ ಎಂಬುದಕ್ಕೆ ಶುಶ್ರೂಷಕರೇ ಏಳು ಅಂಶಗಳ ಮಾಪನದಲ್ಲಿ ಅಂಕ ಕೊಡುತ್ತಾರೆ. ಎರಡರ ನಡುವಿನ ಅಂತರವೇ ತರಬೇತಿಯ ಅಗತ್ಯ.

ಇದೇ ಪ್ರಶ್ನಾವಳಿಯಲ್ಲಿ ಇನ್ನೂ ಒಂದು ಅಂಶವಿದೆ. ಆ ಅಂತರ ತರಬೇತಿಯಿಂದ ತುಂಬುವಂಥದೋ ಅಥವಾ ಕೆಲಸದ ಪರಿಸ್ಥಿತಿ ಬದಲಾದರೆ ತುಂಬುವಂಥದೋ ಎಂಬುದನ್ನೂ ಕೇಳಬಹುದು. ಈ ಭೇದವನ್ನು ಗಮನಿಸದೆ ಮಾಡಿದ ತರಬೇತಿ ವ್ಯರ್ಥವಾಗುವ ಸಂಭವವಿದೆ. ಸಂಶೋಧನೆಯ ಬಳಕೆಗೆ ಇರುವ ಅಡ್ಡಿಗಳನ್ನು ಕುರಿತು ಅಮೆರಿಕೆಯ ಸಾಂಡ್ರಾ ಫಂಕ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ರೋಗಿಯ ಆರೈಕೆಯ ಕ್ರಮವನ್ನು ಬದಲಿಸುವ ಅಧಿಕಾರ ತಮಗಿಲ್ಲ, ಹೊಸದನ್ನು ಅಳವಡಿಸಲು ಸಮಯವಿಲ್ಲ ಎಂಬ ಉತ್ತರಗಳು ಮುಂಚೂಣಿಯಲ್ಲಿದ್ದವು.

ನಮ್ಮ ಆಸ್ಪತ್ರೆಗಳಿಗೆ ಈ ಮಾತನ್ನು ಅನ್ವಯಿಸಿ ನೋಡಬೇಕು. ಸಾಮಾನ್ಯ ವಾರ್ಡುಗಳಲ್ಲಿ ಬೋಧನಾ ಆಸ್ಪತ್ರೆಯಾದರೆ ಮೂವರು ರೋಗಿಗಳಿಗೆ, ಇತರ ಆಸ್ಪತ್ರೆಯಾದರೆ ಐವರು ರೋಗಿಗಳಿಗೆ ಒಬ್ಬ ಶುಶ್ರೂಷಕರಿರಬೇಕೆಂದು ಭಾರತೀಯ ಶುಶ್ರೂಷಾ ಪರಿಷತ್ತು ಪ್ರಮಾಣ ನಿಗದಿಪಡಿಸಿತ್ತು. ದೊಡ್ಡ ಸರ್ಕಾರಿ ಆಸ್ಪತ್ರೆಯ ರಾತ್ರಿ ಪಾಳಿಯನ್ನು ಕಂಡವರಿಗೆ ಈ ಪ್ರಮಾಣಕ್ಕೂ ವಾಸ್ತವಕ್ಕೂ ಇರುವ ದೂರವನ್ನು ವಿವರಿಸಬೇಕಾಗಿಲ್ಲ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ವರದಿಯು ಲೋಕದಲ್ಲಿ 59 ಲಕ್ಷ ಶುಶ್ರೂಷಕರ ಕೊರತೆಯನ್ನು ಅಂದಾಜು ಮಾಡಿತು. ಇಡೀ ವಾರ್ಡಿಗೆ ಒಬ್ಬರೋ ಇಬ್ಬರೋ ಇರುವಲ್ಲಿ ಸಂಶೋಧನಾ ವಿಧಾನದ ಶಿಬಿರದಿಂದ ಮರಳಿದವರು ಕಲಿತದ್ದನ್ನು ಯಾವ ವೇಳೆಯಲ್ಲಿ ಬಳಸಬೇಕು? ಶುಶ್ರೂಷಕರಿಗೆ ಸಂಶೋಧನೆಯಲ್ಲಿ ಆಸಕ್ತಿಯಿಲ್ಲವೆಂಬ ದೂರು ಬಹುಪಾಲು ಈ ಪ್ರಶ್ನೆಯನ್ನು ಮರೆಮಾಡುತ್ತದೆ.

8. ಭಾಷೆಯೆಂಬ ಕೌಶಲ

ಸಂಶೋಧನಾ ಕೌಶಲಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಸಾಹಿತ್ಯಾವಲೋಕನ, ನಮೂನೆಯ ಆಯ್ಕೆ, ಸಂಖ್ಯಾಶಾಸ್ತ್ರ, ವರದಿಯ ಬರವಣಿಗೆಗಳು ಸೇರುತ್ತವೆ. ಕರ್ನಾಟಕದ ಮಟ್ಟಿಗೆ ಇವುಗಳ ಜೊತೆಗೆ ಕನ್ನಡವನ್ನೂ ಸೇರಿಸಬೇಕಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ನೈತಿಕ ಮಾರ್ಗಸೂಚಿಯು ಸಂಶೋಧನೆಯಲ್ಲಿ ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ನೀಡಿ ಒಪ್ಪಿಗೆ ಪಡೆಯಬೇಕೆನ್ನುತ್ತದೆ. ಒಪ್ಪಿಗೆ ಪತ್ರದ ಕನ್ನಡ ಎಷ್ಟೋ ಸಲ ಇಂಗ್ಲಿಷಿನ ನೆರಳಾಗಿದ್ದು, ಅದನ್ನು ರೋಗಿಗೆ ಬಿಡಿಸಿ ಹೇಳುವ ಕೆಲಸ ನರ್ಸಿನ ಪಾಲಿಗೆ ಬರುತ್ತದೆ.

ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕದಲ್ಲಿ ಹೇಳೆಂದು ಕೇಳಿದಾಗ ಹಳ್ಳಿಯಿಂದ ಬಂದ ವೃದ್ಧೆ ಅಂಕವನ್ನು ಹೇಳುವುದಿಲ್ಲ. ಸೆಳೆತ, ಉರಿ, ಚಳಕು, ಸಂಕಟ, ಹಿಂಡಿದ ಹಾಗೆ, ಎದೆ ಹಿಡಿದ ಹಾಗೆ ಎಂದು ಹೇಳುತ್ತಾಳೆ. ಈ ಪದಗಳ ನಡುವಿನ ಅಂತರವನ್ನು ದಿನವೂ ಕೇಳಿ ಬಲ್ಲವರು ಶುಶ್ರೂಷಕರು. ಹೊರದೇಶದ ಮಾಪನವೊಂದನ್ನು ಕನ್ನಡಕ್ಕೆ ತಂದು, ಮತ್ತೆ ಮೂಲಕ್ಕೆ ಅನುವಾದಿಸಿ ಹೋಲಿಸುವ ಕ್ರಮಬದ್ಧ ಕೆಲಸದಲ್ಲಿ ಅವರ ಈ ತಿಳಿವಳಿಕೆಗೆ ಸ್ಥಾನವಿರಬೇಕು. ಭಾಷಾವಿಜ್ಞಾನಿಗಳೂ ಶುಶ್ರೂಷಾ ಸಂಶೋಧಕರೂ ಒಟ್ಟಿಗೆ ಕುಳಿತು ಮಾಡಬೇಕಾದ ಈ ಕೆಲಸಕ್ಕೆ ವಿಶ್ವವಿದ್ಯಾಲಯಗಳು ಹಾಗೂ ಅಕಾಡೆಮಿಗಳು ಮುಂದಾಗಬಹುದು.

9. ಉಪಸಂಹಾರ

ಈವರೆಗಿನ ಅವಲೋಕನದಿಂದ ಒಂದು ಸಂಗತಿ ಖಚಿತವಾಗುತ್ತದೆ. ಶುಶ್ರೂಷೆಯ ಹುಟ್ಟಿನಲ್ಲಿಯೇ ಎಣಿಕೆ ಮತ್ತು ಪ್ರಶ್ನೆಗಳಿದ್ದವು. ಶಾಲೆಯ ರೂಪದಲ್ಲಿ ವೃತ್ತಿ ಹರಡಿದಾಗ ದಾಖಲೆ ಉಳಿದು ಪ್ರಶ್ನೆ ಬಿಟ್ಟುಹೋಯಿತು. ವಿಶ್ವವಿದ್ಯಾಲಯ ಪ್ರಶ್ನೆಯನ್ನು ಮರಳಿ ತಂದಾಗ ಅದು ಕಾಲೇಜಿನಲ್ಲಿ ನಿಂತಿತು. ವಾರ್ಡಿನಲ್ಲಿ ದಾಖಲೆ ಮುಂದುವರಿಯಿತು. ಬೆಂಗಳೂರಿನ 1980ರ ದಶಕದ ಪ್ರಯೋಗದಂಥ ಕೆಲವೆಡೆ ಮಾತ್ರ ಇವೆರಡೂ ಕೂಡಿದವು.

2016ರಲ್ಲಿ ಕೇಂದ್ರ ಸರ್ಕಾರವು ತನ್ನ ಆಸ್ಪತ್ರೆಗಳ ಸ್ಟಾಫ್ ನರ್ಸ್ ಹುದ್ದೆಗೆ ಶುಶ್ರೂಷಾಧಿಕಾರಿ ಎಂಬ ಹೆಸರು ಕೊಟ್ಟಿತು. 2023ರಲ್ಲಿ ಸಂಸತ್ತು ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಸೇವಾ ಆಯೋಗದ ಕಾಯ್ದೆಯನ್ನು ಅಂಗೀಕರಿಸಿ 1947ರ ಕಾಯ್ದೆಯ ಸ್ಥಾನದಲ್ಲಿ ಹೊಸ ವ್ಯವಸ್ಥೆಗೆ ದಾರಿ ಮಾಡಿತು. ಹೆಸರಿನಲ್ಲಿ ಬಂದ ಅಧಿಕಾರ ಕೆಲಸದಲ್ಲಿಯೂ ಬರಬೇಕಾದರೆ ಕೆಲವು ಸರಳ ಕ್ರಮಗಳು ಸಾಕು. ಕಾಲೇಜಿನ ಸಂಶೋಧನಾ ಮಾರ್ಗದರ್ಶಕರು ಹತ್ತಿರದ ಆಸ್ಪತ್ರೆಯ ವಾರ್ಡುಗಳೊಡನೆ ನಿಯತ ಸಂಬಂಧ ಇಟ್ಟುಕೊಳ್ಳುವುದು. ಪಾಳಿಯ ಪಟ್ಟಿಯಲ್ಲಿಯೇ ಅಧ್ಯಯನಕ್ಕೆ ಕೆಲವು ಗಂಟೆಗಳನ್ನು ಗುರುತಿಸುವುದು. ವಾರ್ಡಿನ ಶುಶ್ರೂಷಕರು ಸೂಚಿಸಿದ ಪ್ರಶ್ನೆಗಳಿಂದಲೇ ಸ್ನಾತಕೋತ್ತರ ಪ್ರಬಂಧಗಳ ವಿಷಯಗಳನ್ನು ಆರಿಸುವುದು. ಮುಗಿದ ಪ್ರಬಂಧದ ಸಾರವನ್ನು ಕನ್ನಡದಲ್ಲಿ ಎರಡು ಪುಟಗಳಲ್ಲಿ ಬರೆದು ಆ ವಾರ್ಡಿಗೆ ತಲುಪಿಸುವುದು. ದತ್ತಾಂಶ ಸಂಗ್ರಹಿಸಿ ಅರ್ಥೈಸಿದವರ ಹೆಸರನ್ನು ಲೇಖಕರ ಪಟ್ಟಿಯಲ್ಲಿ ಸೇರಿಸುವುದು.

ಚರಿತ್ರಕಾರರಿಗೂ ಗ್ರಂಥಾಲಯಗಳಿಗೂ ಇಲ್ಲಿ ಕೆಲಸವಿದೆ. ವಾರ್ಡಿನ ವರದಿ ಪುಸ್ತಕಗಳು ನಿಗದಿತ ಅವಧಿ ಮುಗಿದೊಡನೆ ರದ್ದಿಗೆ ಹೋಗುತ್ತವೆ. ರೋಗಿಗಳ ಖಾಸಗಿತನಕ್ಕೆ ಧಕ್ಕೆ ಬಾರದಂತೆ ಅವುಗಳಲ್ಲಿ ಆಯ್ದ ಕೆಲವನ್ನಾದರೂ ಉಳಿಸಿಕೊಂಡರೆ, ನಮ್ಮ ನಾಡಿನ ರೋಗಿಗಳ ರಾತ್ರಿಗಳು ಹೇಗೆ ಕಳೆದವು, ಯಾರು ಎಚ್ಚರವಾಗಿದ್ದರು, ಅವರು ಏನನ್ನು ಕಂಡರು ಎಂಬುದು ಮುಂದಿನ ಸಂಶೋಧಕರಿಗೆ ಆ ಕೈಬರಹದಿಂದಲೇ ತಿಳಿಯುತ್ತದೆ.